ಮಣ್ಣಿನೊಳಗಿನ ಕೇಬಲ್ಲಿನ ದೋಷ ತಿಳಿಯುವ ಬಗೆ



ಹಾರೂಗೇರಿ ಭಾಗದ ಕಬ್ಬು, ಅರಿಷಿಣದ ಹೊಲಗಳಲ್ಲಿ ಬೋರಿನ ಮೋಟರಿಗೆ ಕರೆಂಟು ಒಯ್ಯುವ ಕೇಬಲ್ಲು ಎಷ್ಟೋ ಕಡೆ ಮಣ್ಣಿನಲ್ಲಿ ಹುದುಗಿರುತ್ತದೆ. ಅದರ ಹೊದಿಕೆಯನ್ನು ಇಲಿ ಕಡಿಯಬಹುದು, ನೇಗಿಲು ತಾಗಬಹುದು. ಅವಸರದಲ್ಲಿ ಬರಿಯ ಟೇಪು ಸುತ್ತಿದ ಜೋಡಣೆಯಲ್ಲಿ ನೀರು ಇಳಿಯಬಹುದು. ಆಗ ಕೇಬಲ್ಲು ಕೂಡಲೇ ಸುಡಲಿಕ್ಕಿಲ್ಲ; ಕರೆಂಟು ಸ್ವಲ್ಪಸ್ವಲ್ಪವಾಗಿ ನೆಲಕ್ಕೆ ಸೋರತೊಡಗುತ್ತದೆ. ಮಳೆ ಬಿದ್ದಾಗಲೆಲ್ಲ ಫ್ಯೂಜು ಹೋಗುವುದು, ಸ್ಟಾರ್ಟರಿನ ಡಬ್ಬಿ ಮುಟ್ಟಿದರೆ ಜುಮ್ಮೆನ್ನುವುದು, ಒದ್ದೆ ನೆಲದ ಒಂದು ಜಾಗದಲ್ಲಿ ಎತ್ತು ಕಾಲಿಡಲು ಹಿಂಜರಿಯುವುದು, ಇವು ಅದರ ಗುರುತುಗಳು. ಎತ್ತಿನ ಮುಂಗಾಲು ಹಿಂಗಾಲುಗಳ ಅಂತರ ಮನುಷ್ಯನ ಹೆಜ್ಜೆಗಿಂತ ಹೆಚ್ಚು. ಆದುದರಿಂದ ನೆಲಕ್ಕಿಳಿದ ಕರೆಂಟಿನ ಪೆಟ್ಟು ಅದಕ್ಕೆ ಜೋರು. ಎತ್ತು ಹಟ ಮಾಡುತ್ತದೆಂದು ಬಾರುಕೋಲು ಎತ್ತಬೇಡಿರಿ; ಮೊದಲು ಕರೆಂಟು ತೆಗೆಯಿರಿ.

ಟೆಸ್ಟರಿನ ದೀಪ ಹತ್ತಿತು, ಕೇಬಲ್ಲು ಚೆನ್ನಾಗಿದೆ ಎನ್ನುವವರಿದ್ದಾರೆ. ಇದು ತಪ್ಪು. ತಂತಿಯಲ್ಲಿ ಕರೆಂಟು ಇದೆಯೆಂದಷ್ಟೇ ಟೆಸ್ಟರು ಹೇಳುತ್ತದೆ. ಹೊದಿಕೆಯ ಸ್ಥಿತಿ ತಿಳಿಯಲು ಮೆಗ್ಗರ್ ಎಂಬ ಯಂತ್ರ ಬೇಕು. ಲೈಸೆನ್ಸ್ ಇರುವ ವಾಯರಮನ್ನನಿಂದಲೇ ಇದನ್ನು ಮಾಡಿಸಿರಿ. ಅವನು ಫ್ಯೂಜು ಕಳಚಿ, ಕೇಬಲ್ಲನ್ನು ಸ್ಟಾರ್ಟರಿನಿಂದ ಬಿಡಿಸಿ, ತಂತಿಗೂ ಭೂಮಿಗೂ ನಡುವೆ 500 ವೋಲ್ಟು ಹಾಕಿ ನೋಡುತ್ತಾನೆ. ಅಳತೆ 1 ಮೆಗಾಓಮ್, ಅಂದರೆ 10 ಲಕ್ಷ ಓಮಿಗಿಂತ ಕಡಿಮೆ ಬಂದರೆ ಮೋಟರು ಚಾಲೂ ಮಾಡಕೂಡದು. ಬೋರಿನ ಬಾಯಿಯ ಬಳಿ ಜೋಡಣೆ ಇದ್ದರೆ ಅಲ್ಲಿಯೂ ಬಿಡಿಸಿ, ಎರಡೂ ಕಡೆ ಬೇರೆ ಬೇರೆ ಅಳೆಯಿಸಿರಿ. ದೋಷ ಮೇಲಿನ ಕೇಬಲ್ಲಿನಲ್ಲಿದ್ದಾಗ ಸುಮ್ಮನೆ ಮೋಟರು ಮೇಲೆತ್ತಿಸಿದ ಖರ್ಚು ಉಳಿಯುತ್ತದೆ. ಬೇಸಿಗೆಯ ಒಣ ನೆಲದಲ್ಲಿ ಕೆಟ್ಟ ಕೇಬಲ್ಲೂ ಒಳ್ಳೆಯದೆಂದು ತೋರಬಹುದು. ಮಳೆಯಾದ ಮೇಲೆ ಇನ್ನೊಮ್ಮೆ ನೋಡಿಸುವುದು ಲೇಸು.

11,000 ವೋಲ್ಟಿನ ಕೇಬಲ್ಲು ನೆಲದಡಿ ಹೋಗಿರುವಲ್ಲಿ ದೋಷ ಹುಡುಕಲು ಇಡೀ ದಾರಿ ಅಗೆಯಲಾಗದು. ಬಾವಿಯಲ್ಲಿ ಕೂಗಿದರೆ ದನಿ ಮರಳುವುದಿಲ್ಲವೇ? ಹಾಗೆಯೇ ಇಂಜಿನಿಯರರು ಲೈನು ಬಂದ್ ಮಾಡಿ, ಒಂದು ತುದಿಯಿಂದ ವಿದ್ಯುತ್ತಿನ ಕಿರು ಮಿಡಿತ ಕಳಿಸುತ್ತಾರೆ. ಕೆಟ್ಟ ಜಾಗದಿಂದ ಅದು ಮರಳುತ್ತದೆ. ಸೆಕೆಂಡಿನ 10 ಲಕ್ಷದ ಒಂದು ಭಾಗದಲ್ಲಿ ಅದು ಸುಮಾರು 160 ಮೀಟರು ಓಡುತ್ತದೆ. ಹೋಗಿ ಬರಲು ಅಂಥ 10 ಭಾಗ ಹಿಡಿದರೆ ದೋಷ ಸುಮಾರು 800 ಮೀಟರು ದೂರವಿದೆ. ಬಳಿಕ ಕೇಬಲ್ಲಿಗೆ ಜೋರಾದ ಹೊಡೆತ ಕೊಟ್ಟು, ನೆಲದ ಮೇಲೆ ಯಂತ್ರವಿಟ್ಟು ಸಪ್ಪಳ ಆಲಿಸುತ್ತಾರೆ. ಆ ವೇಳೆ ನೋಡುವ ಕುತೂಹಲಕ್ಕೆ ಹತ್ತಿರ ಹೋಗಬೇಡಿರಿ. ಬಂದ್ ಮಾಡಿದ ಕೇಬಲ್ಲಿನಲ್ಲಿಯೂ ವಿದ್ಯುತ್ತು ಉಳಿದಿರಬಹುದು.

ಇಂಥ ಕೇಬಲ್ಲು ಮಣ್ಣಿನಿಂದ ಮೇಲೆ ಬಂದುದು ಕಂಡರೆ ಮುಟ್ಟದೆ, ದನಕರುಗಳನ್ನು ದೂರ ಸಾಗಿಸಿ, ಹೆಸ್ಕಾಂನ 1912 ಸಂಖ್ಯೆಗೆ ಫೋನು ಮಾಡಿರಿ.