ಪಾದ ಎತ್ತುವ ನರ: ಮಾಡಬೇಕಾದ್ದು, ಮಾಡಬಾರದ್ದು

ಮೊಣಕಾಲಿನ ಹೊರಬದಿಯಲ್ಲಿ, ಕೀಲಿಗಿಂತ ತುಸು ಕೆಳಗೆ ಬೆರಳಾಡಿಸಿ. ಗುಂಡನೆಯ ಎಲುಬಿನ ತುದಿ ಕೈಗೆ ಸಿಗುತ್ತದೆ. ಅದರ ಕತ್ತನ್ನು ಬಳಸಿಕೊಂಡು ಪೆರೋನಿಯಲ್ ನರ ಮುಂಗಾಲಿಗೆ ಇಳಿಯುತ್ತದೆ. ಅಲ್ಲಿ ಅದಕ್ಕೆ ಚರ್ಮ ಮತ್ತು ತೆಳು ಕೊಬ್ಬು ಬಿಟ್ಟರೆ ಬೇರೆ ರಕ್ಷಣೆಯಿಲ್ಲ. ಪಾದವನ್ನೂ ಬೆರಳುಗಳನ್ನೂ ಮೇಲೆತ್ತುವುದು, ಪಾದವನ್ನು ಹೊರಕ್ಕೆ ತಿರುಗಿಸುವುದು ಈ ನರದಿಂದಲೇ. ಅದು ಜಜ್ಜಿಹೋದರೆ ಪಾದ ಜೋತು ಬೀಳುತ್ತದೆ. ಚಪ್ಪಲಿ ಜಾರುತ್ತದೆ, ಹೆಬ್ಬೆರಳು ಹೊಸ್ತಿಲಿಗೆ ಎಡವುತ್ತದೆ, ಪಾದದ ಮೇಲ್ಭಾಗ ಮರಗಟ್ಟುತ್ತದೆ.

ಮಾಡಬಾರದ್ದು

ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂರಬೇಡಿ. ಕಳೆ ಕೀಳುವವರು, ಟೈಲ್ಸ್ ಹಾಕುವವರು ಆಗಾಗ ಎದ್ದು ಕಾಲು ಚಾಚಲೇಬೇಕು. ಕೆಲಸ ಮಾಡಿಸುವವರೇ, ಅದನ್ನು ಮೈಗಳ್ಳತನ ಎನ್ನಬೇಡಿ, ಬಿಡುವು ಕೊಡಿ.

ಕಾಲ ಮೇಲೆ ಕಾಲು ಹಾಕಿ ಕೂರುವ ಅಭ್ಯಾಸ ಬಿಡಿ. ಬೇಗ ತೂಕ ಇಳಿಸಿಕೊಂಡವರಿಗೆ ಈ ಮಾತು ಹೆಚ್ಚು ಅನ್ವಯ, ನರದ ಮೇಲಿನ ಕೊಬ್ಬಿನ ಪದರವೂ ಕರಗಿರುತ್ತದೆ.

ಹಾಸಿಗೆ ಹಿಡಿದವರ ಮೊಣಕಾಲು ಹೊರಕ್ಕೆ ವಾಲಿ ಮಂಚದ ಕಂಬಿಗೆ ಒತ್ತಲು ಬಿಡಬೇಡಿ.

ಮರಗಟ್ಟಿದ ಕಾಲಿಗೆ ಬಿಸಿ ಶಾಖ ಕೊಡಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ಮಾಡಬೇಕಾದ್ದು

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಬೆರಳು ಎತ್ತಲಾಗದಿದ್ದರೆ, ಜೋಮು ಅಥವಾ ತಾಳಲಾರದ ನೋವು ಬಂದರೆ ಆಗಲೇ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ.

ಪಾದ ಜೋತು ಬಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸೊಂಟದ ಡಿಸ್ಕ್ ಜಾರಿದರೂ ಹೀಗಾಗಬಹುದು. ಜೊತೆಗೆ ಮುಖ ಸೊಟ್ಟಗಾದರೆ, ಕೈ ಸೋತರೆ, ಮೂತ್ರ ಕಟ್ಟಿದರೆ ಅದು ತುರ್ತುಸ್ಥಿತಿ. ಮೈಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಇದ್ದರೆ ಮುಚ್ಚಿಡದೆ ತೋರಿಸಿ. ಈ ನರವನ್ನು ಕುಷ್ಠರೋಗವೂ ಹಾಳುಮಾಡುತ್ತದೆ, ಅದರ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನರದ ಬಲ ಹೊಸದಾಗಿ ಕುಗ್ಗಿದಾಗ ಬೇಗ ಬಂದವರಿಗೆ ಚಿಕಿತ್ಸೆ ಫಲ ಕೊಡುತ್ತದೆ, ತಿಂಗಳುಗಟ್ಟಲೆ ನಾಚಿಕೊಂಡು ಕೂತವರಿಗೆ ಅಷ್ಟು ಕೊಡುವುದಿಲ್ಲ.

ವೈದ್ಯರು ಕೊಟ್ಟ ಸ್ಪ್ಲಿಂಟ್ ತೊಡಿ, ದಿನವೂ ಪಾದವನ್ನು ಕೈಯಿಂದ ಮೇಲಕ್ಕೆ ಮಡಚಿ. ಇಲ್ಲದಿದ್ದರೆ ಹಿಮ್ಮಡಿಯ ಸ್ನಾಯುರಜ್ಜು ಮೋಟಾಗುತ್ತದೆ, ನರ ಚೇತರಿಸಿಕೊಂಡರೂ ಪಾದ ಸರಾಗವಾಗಿ ಏಳದು. ಬರೀ ಒತ್ತಡಕ್ಕೆ ಸಿಕ್ಕ ನರ ಕೆಲವು ವಾರಗಳಲ್ಲೇ ಸುಧಾರಿಸಬಹುದು. ಒಳಗಿನ ಎಳೆಗಳೇ ಕಡಿದಿದ್ದರೆ ಅವು ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ, ಆದ್ದರಿಂದ ಅಭ್ಯಾಸವನ್ನು ನಡುವೆ ನಿಲ್ಲಿಸಬೇಡಿ.

ಈಗಲೇ ಗೋಡೆ ಹಿಡಿದು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಒಂದು ಪಾದದ ಮುಂಭಾಗ ಏಳದಿದ್ದರೆ ಇಂದೇ ವೈದ್ಯರನ್ನು ಕಾಣಿ.