ವರ್ಷದ ಕಾಳು ಬೇರೆ, ತಿಂಗಳ ಕಾಳು ಬೇರೆ

ಮಾರೋ ತೊಗರಿಗೆ ದಿನಕ್ಕೆ ನಾಲ್ಕು ಸಲ ಮೊಬೈಲ್‌ನಲ್ಲಿ ರೇಟ್ ನೋಡ್ತೀವಿ. ಮನೆಗೆ ಅಂತ ಎತ್ತಿಟ್ಟ ಒಂದು ಚೀಲ ತೊಗರಿ, ಅರ್ಧ ಚೀಲ ಹೆಸರು, ನಾಲ್ಕು ಸೇರು ಅಲಸಂದೆ ಕಡೆ ಮಾತ್ರ ಯಾರೂ ತಿರುಗಿ ನೋಡಲ್ಲ. ಮಳೆಗಾಲದಲ್ಲಿ ಡಬ್ಬ ತೆಗೆದರೆ ಕಾಳಿಗಿಂತ ತೂತೇ ಜಾಸ್ತಿ. ಬೆಳೆದವರೇ ಅಂಗಡಿಗೆ ಹೋಗಿ ಬೇಳೆ ತರಬೇಕು. ಅದಕ್ಕೇ ಈ ವಾರ ಉಗ್ರಾಣದ ವಿಷಯ.

ಹುಳ ಡಬ್ಬದಲ್ಲಿ ತಾನಾಗೇ ಹುಟ್ಟಲ್ಲ. ಎಷ್ಟೋ ಸಲ ಹೊಲದಲ್ಲೇ ಒಣಗುತ್ತಿರೋ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತೆ. ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕೆ ನೋಡಿದ್ದೀರಲ್ಲ, ಅದೇ ಮೊಟ್ಟೆ. ಮರಿ ಕಾಳಿನೊಳಗೆ ಕೊರೆದು ಹೋಗಿ ತಿಂದು ಬೆಳೆದು, ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ದುಂಡಗೆ ತೂತು ಮಾಡಿಕೊಂಡು ಹೊರಗೆ ಬರುತ್ತೆ. ಹಾಗೆ ಬಂದ ಒಂದು ಹೆಣ್ಣು 100ರ ಹತ್ತಿರ ಮೊಟ್ಟೆ ಇಡಬಲ್ಲದು. ಮೂರು ತಿಂಗಳ ಲೆಕ್ಕ ನೀವೇ ಹಾಕಿ. ಈ ಹುಳಕ್ಕೆ ಇಡೀ ಕಾಳೇ ಇಷ್ಟ, ಒಡೆದ ಬೇಳೆಯಲ್ಲಿ ಅಷ್ಟಾಗಿ ಬೆಳೆಯಲ್ಲ. ಹಾಗಾಗಿ ಮನೆ ಖರ್ಚಿನ ತೊಗರಿಯನ್ನ ಬೇಗ ಬೇಳೆ ಮಾಡಿಸಿಬಿಡೋದು ಒಳ್ಳೇದು.

ಎಲ್ಲಕ್ಕಿಂತ ಮುಖ್ಯ ಒಣಗಿಸೋದು. ಟಾರ್ಪಾಲಿನ್ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ. ಹಲ್ಲಲ್ಲಿ ಕಡಿದರೆ ಕಟಕ್ ಅನ್ನಬೇಕು. ಇನ್ನೊಂದು ಪರೀಕ್ಷೆಯೂ ಇದೆ: ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಜಾಸ್ತಿ ಇದೆ ಅಂತ. ಅಂಟದಿದ್ದರೂ ನಾನು ಇನ್ನೆರಡು ದಿನ ಬಿಸಿಲು ಕೊಡ್ತೀನಿ, ಯಾಕೆಂದರೆ ಬೇಳೆಕಾಳು ವರ್ಷ ಇರಬೇಕಾದರೆ ಶೇ. 10ರ ಆಸುಪಾಸಿಗೆ ಇಳೀಬೇಕು. ಬಿಸಿ ಕಾಳನ್ನ ಹಾಗೇ ತುಂಬಬೇಡಿ, ಒಳಗೆ ಬೆವರುತ್ತೆ. ನೆರಳಲ್ಲಿ ಆರಲಿ.

ಈಗ ಜೋಡಿಸೋ ವಿಷಯ. ನಮ್ಮನೇಲಿ ಎರಡು ಸಾಲು. ಕೆಳಗೆ ವರ್ಷದ ಕಾಳು: ಬಿಗಿ ಮುಚ್ಚಳದ ಡ್ರಮ್ಮು, ಇಲ್ಲಾಂದ್ರೆ ಒಳಗೆ ದಪ್ಪ ಪ್ಲಾಸ್ಟಿಕ್ ಪದರ ಇರೋ ಗಾಳಿಯಾಡದ ಚೀಲ. ಬಾಯಿವರೆಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಗಾಳಿಯನ್ನ ಹುಳವೇ ಉಸಿರಾಡಿ ಮುಗಿಸಿ ಸಾಯುತ್ತೆ. ದಿನಾ ತೆಗೆದರೆ ಈ ಲಾಭ ಇಲ್ಲ. ಅದಕ್ಕೇ ಮೇಲಿನ ಸಾಲಿನಲ್ಲಿ ತಿಂಗಳ ಖರ್ಚಿನ ಸಣ್ಣ ಡಬ್ಬಗಳು. ಹಳೇ ಡಬ್ಬ ಖಾಲಿ ಆಗಿ, ತೊಳೆದು ಒಣಗಿಸಿದ ಮೇಲೇ ಹೊಸದನ್ನ ತುಂಬೋದು. ಹಳೇದರ ಮೇಲೆ ಹೊಸದು ಸುರಿದರೆ ಹುಳಕ್ಕೆ ಹಬ್ಬ. ಡ್ರಮ್ಮು, ಚೀಲ ಯಾವುದೂ ನೆಲಕ್ಕೆ, ಗೋಡೆಗೆ ತಾಗಬಾರದು. ಇಟ್ಟಿಗೆ ಮೇಲೆ ಹಲಗೆ ಸಾಕು.

ಡ್ರಮ್ಮು ಇಲ್ಲದವರು ಕಿಲೋಗೆ 5 ಮಿಲಿಯಷ್ಟು ಹರಳೆಣ್ಣೆ ಅಥವಾ ಶೇಂಗಾ ಎಣ್ಣೆ ಸವರಿ ಇಡಬಹುದು. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ಬದುಕೋದು ಕಷ್ಟ. ಬರೀ ಬೇವಿನ ಸೊಪ್ಪು ಹಾಕಿ ನಿಶ್ಚಿಂತೆಯಿಂದ ಇರೋರ ಜೊತೆ ನನಗೆ ಸಹಮತ ಇಲ್ಲ, ಒದ್ದೆ ಸೊಪ್ಪು ಹಾಕಿದರಂತೂ ಬೂಷ್ಟು ಗ್ಯಾರಂಟಿ. ರಾಗಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ; ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟ ಧಾನ್ಯ ಅದು.

ಒಂದನ್ನ ಮಾತ್ರ ಕಟ್ಟುನಿಟ್ಟಾಗಿ ಹೇಳ್ತೀನಿ. "ಒಂದು ಮಾತ್ರೆ ಹಾಕಿಬಿಡು, ಹುಳ ಬರಲ್ಲ" ಅಂತ ಯಾರಾದರೂ ಅಲ್ಯೂಮಿನಿಯಂ ಫಾಸ್ಫೈಡ್ ಕೈಗೆ ಕೊಟ್ಟರೆ ಮನೆಯೊಳಗೆ ತರಬೇಡಿ. ಅದರಿಂದ ಬರೋ ಫಾಸ್ಫೀನ್ ಅನಿಲ ಮಲಗಿದವರನ್ನ ಮಲಗಿದಲ್ಲೇ ಕೊಲ್ಲಬಲ್ಲದು, ಅದಕ್ಕೆ ಪ್ರತಿವಿಷ ಇಲ್ಲ. ತರಬೇತಿ ಆದವರು ಗೋದಾಮಿನಲ್ಲಿ ಬಳಸೋ ವಸ್ತು ಅದು. ಹೊಲಕ್ಕೆ ಹೊಡೆಯೋ ಔಷಧಿ ಡಬ್ಬಗಳಿಗೂ ಉಗ್ರಾಣದಲ್ಲಿ ಜಾಗ ಇಲ್ಲ.

ತುಂಬಿದ ತಾರೀಕನ್ನ ಮಾರ್ಕರ್‌ನಲ್ಲಿ ಡ್ರಮ್ಮಿನ ಮೇಲೆ ಬರೆದು ಫೋಟೋ ಇಟ್ಕೊಳ್ಳಿ. ಸಣ್ಣ ಡಬ್ಬಗಳನ್ನ ನೋಡೋಕೆ 15 ದಿನಕ್ಕೊಂದು ಅಲಾರಂ ಹಾಕಿ. ನಮ್ಮಮ್ಮನಿಗೆ ಸಣ್ಣ ಅಕ್ಷರ ಕಾಣಲ್ಲ, ಹಾಗಾಗಿ ಮೊದಲು ಖರ್ಚಾಗಬೇಕಾದ ಡಬ್ಬಕ್ಕೆ ಕೆಂಪು ದಾರ ಕಟ್ಟಿದ್ದೀನಿ.