ಸಾಕುಮನೆಯ ಮಗುವಿನ ಪಾಠಕ್ಕೆ ಯಾರು ನಿಲ್ಲುವರು?

ವೇದಪಾಠ: ವಿಮೋಚನಕಾಂಡ 2:1-10, ಎಸ್ತೇರಳು 2:5-11



ಹುಟ್ಟಿದ ಮನೆಯನ್ನು ಬಿಟ್ಟು ಬೇರೆ ಮನೆಯಲ್ಲಿ ಬೆಳೆದ ಇಬ್ಬರ ಚರಿತ್ರೆಯನ್ನು ಈ ವೇದಭಾಗಗಳಲ್ಲಿ ಓದುತ್ತೇವೆ. ಕೂಸಾದ ಮೋಶೆಯನ್ನು ಪೆಟ್ಟಿಗೆಯಲ್ಲಿಟ್ಟು ನದಿಯಂಚಿನಲ್ಲಿ ಬಿಟ್ಟಾಗ ಅವನ ಅಕ್ಕ ದೂರದಲ್ಲಿ ಕಾದು ನಿಂತಳು. ಸಮಯ ಬಂದಾಗ ಫರೋಹನ ಮಗಳ ಮುಂದೆ ಧೈರ್ಯದಿಂದ ಮಾತಾಡಿದಳು. ತಂದೆತಾಯಿಗಳಿಲ್ಲದ ಎಸ್ತೇರಳನ್ನು ಸಾಕಿದ ಮೊರ್ದೆಕೈಯು, ಅವಳು ಅರಮನೆ ಸೇರಿದ ಮೇಲೆ, ಅವಳ ಕ್ಷೇಮವನ್ನು ತಿಳಿಯುವದಕ್ಕಾಗಿ ಪ್ರತಿದಿನವೂ ಆ ಅಂಗಳದ ಮುಂದೆ ತಿರುಗಾಡುತ್ತಿದ್ದನು. ಈ ಕೆಲಸಕ್ಕಾಗಿ ಇವರಿಗೆ ಪದವಿಯೂ ಇರಲಿಲ್ಲ, ಸಂಬಳವೂ ಇರಲಿಲ್ಲ.

ಇಂಥ ಸೇವೆ ಈಗಲೂ ಉಂಟು. 1977ರಲ್ಲಿ ಅಮೇರಿಕದ ಸಿಯಾಟಲ್ ಪಟ್ಟಣದ ನ್ಯಾಯಾಧೀಶ ಡೇವಿಡ್ ಸೂಕಪ್ ಎಂಬವರು, ಮಕ್ಕಳ ಸ್ಥಿತಿಯನ್ನು ಸರಿಯಾಗಿ ತಿಳಿಯದೆ ತೀರ್ಪು ಕೊಡುವದಕ್ಕೆ ಮನಸ್ಸೊಪ್ಪದೆ, ಮಗುವಿನ ಪರವಾಗಿ ಮಾತಾಡುವ ಸ್ವಯಂಸೇವಕರನ್ನು ನೇಮಿಸಿದರು. ಮಗುವು ಶಾಲೆಯಲ್ಲಿ ಹೇಗಿದೆ, ಪಾಠದಲ್ಲಿ ಎಲ್ಲಿ ಹಿಂದೆ ಬಿದ್ದಿದೆ ಎಂಬದನ್ನು ವಿಚಾರಿಸಿ ತಿಳಿಸುವದೂ ಅವರ ಕೆಲಸದಲ್ಲಿ ಸೇರಿದೆ. ನಮ್ಮ ದೇಶದಲ್ಲಿ 2015ರ ಬಾಲ ನ್ಯಾಯ ಕಾಯ್ದೆಯ 44ನೆಯ ವಿಧಿಯು ಪೋಷಕ ಕುಟುಂಬಗಳ ವಿಷಯವಾಗಿದೆ. ಮಗುವನ್ನು ಇಂಥ ಕುಟುಂಬಕ್ಕೆ ಒಪ್ಪಿಸುವದು ಮಕ್ಕಳ ಕಲ್ಯಾಣ ಸಮಿತಿಯ ಅಧಿಕಾರ. ಓದು, ಆರೋಗ್ಯ, ಆಹಾರ ಇವುಗಳ ಹೊಣೆ ಆ ಕುಟುಂಬದ್ದು. ನಾವು ಆ ಅಧಿಕಾರವನ್ನು ಕಸಿದುಕೊಳ್ಳುವದಲ್ಲ. ಸಾಕುತಂದೆತಾಯಿಗಳ ಒಪ್ಪಿಗೆಯಿಂದ ಅವರ ಪಕ್ಕದಲ್ಲಿ ನಿಲ್ಲುವದು.

ಇಲ್ಲಿ ನಮ್ಮ ತಪ್ಪನ್ನು ಅರಿಕೆಮಾಡುತ್ತೇವೆ. ಸಾಕುಮನೆಗೆ ಬಂದ ಒಂದು ಮಗುವು ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಅದಕ್ಕೆ ಬುದ್ಧಿ ಸಾಲದೆಂದು ನಾವೂ ಎಣಿಸಿದೆವು. ಮಗುವಿನ ಮನೆಮಾತು ಕೊಂಕಣಿ, ಪಾಠ ಕನ್ನಡ ಎಂಬದನ್ನು ಯಾರೂ ವಿಚಾರಿಸಲಿಲ್ಲ. ಕಡೆಗೆ ಸಭೆಯ ಒಬ್ಬ ವಿಧವೆ ದಿನಾಲು ಸಾಯಂಕಾಲ ಪಕ್ಕದಲ್ಲಿ ಕೂತು ಎರಡು ಮಾತುಗಳಲ್ಲಿಯೂ ಓದಿಸಿದಳು. ಮಗುವು ಮಾತಾಡಿತು, ನಾವು ನಾಚಿದೆವು.

ಗಣೇಶಗುಡಿಯವರಾದ ನಮಗೆ ಇದು ತಿಳಿಯದ ಸಂಗತಿಯಲ್ಲ. ಕಾಳೀನದಿಗೆ ಸೂಪಾ ಅಣೆಕಟ್ಟನ್ನು ಕಟ್ಟಿದಾಗ ಹಳೆಯ ಸೂಪಾ ನೀರಿನಲ್ಲಿ ಮುಳುಗಿತು. ಅನೇಕ ಕುಟುಂಬಗಳು ರಾಮನಗರ ಮೊದಲಾದ ಕಡೆಗೆ ಹೋಗಬೇಕಾಯಿತು. ಬೇರುಸಹಿತ ಕಿತ್ತ ಸಸಿ ಹೊಸ ಮಣ್ಣಿನಲ್ಲಿ ಕೂಡಲೆ ಚಿಗುರದು. ಸಾಕುಮನೆಗೆ ಬಂದ ಮಗುವೂ ಹಾಗೆಯೇ.

ಹಾಗಾದರೆ ಮಾಡತಕ್ಕದ್ದೇನು?

ಒಂದನೆಯದು, ಶಾಲೆಗೆ ಸೇರಿಸುವದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, 6ರಿಂದ 14 ವರುಷದ ಮಗುವಿನ ವರ್ಗಾವಣೆ ಪತ್ರ ಬರಲು ತಡವಾಯಿತೆಂದು, ಇಲ್ಲವೆ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆಯ ಬಾಗಿಲು ಮುಚ್ಚಕೂಡದು. ಇದನ್ನು ವಿನಯದಿಂದ ಹೇಳಿರಿ. ಹೇಳದೆ ಮಾತ್ರ ಇರಬೇಡಿರಿ.

ಎರಡನೆಯದು, ಪಾಠ ತಪ್ಪಿಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರುವಂತೆ ವಿಶೇಷ ತರಬೇತಿ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಇದಕ್ಕಾಗಿ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕಾಣಬೇಕು.

ಮೂರನೆಯದು, ಒಬ್ಬರೇ ಬಹುಕಾಲ ನಿಲ್ಲುವದು. ಈ ತಿಂಗಳು ಒಬ್ಬರು, ಮುಂದಿನ ತಿಂಗಳು ಇನ್ನೊಬ್ಬರು ಬಂದರೆ ಮಗುವಿಗೆ ಮತ್ತೊಂದು ಅಗಲಿಕೆಯೇ. ಮೊರ್ದೆಕೈಯು ಪ್ರತಿದಿನವೂ ಹೋದನು.

ನಾಲ್ಕನೆಯದು, ಬಾಯಿಗೆ ಕಾವಲು. ಮಗುವಿನ ಹಿಂದಿನ ದುಃಖವನ್ನು ಬಾವಿಕಟ್ಟೆಯಲ್ಲಿಯೂ ಆಡಬಾರದು, ಪ್ರಾರ್ಥನಾಕೂಟದಲ್ಲಿಯೂ ಆಡಬಾರದು. ಮಗುವಿನ ಕೊರತೆಯನ್ನು ನಮ್ಮ ಸಭೆಯ ಲೆಕ್ಕ ಹೆಚ್ಚಿಸುವದಕ್ಕೆ ಬಳಸುವದೂ ಪಾಪವೇ; ಪ್ರೀತಿಯು ಪ್ರತಿಫಲ ಕೇಳುವದಿಲ್ಲ. ಮಗುವಿಗೆ ಹಿಂಸೆಯಾಗುವದು ಕಂಡರೆ ಮಾತ್ರ ಸುಮ್ಮನಿರದೆ 1098ಕ್ಕೆ ದೂರವಾಣಿ ಮಾಡಿರಿ.

ಅನಾಥರನ್ನು ಅವರ ಸಂಕಟದಲ್ಲಿ ಪರಾಮರಿಸುವದೇ ಶುದ್ಧ ಭಕ್ತಿಯೆಂದು ಯಾಕೋಬನು ಕಲಿಸುತ್ತಾನೆ (1:27). ಪರಾಮರಿಸುವದೆಂದರೆ ಹಬ್ಬದ ದಿನ ಬಟ್ಟೆ ಕೊಟ್ಟು ಬರುವದಷ್ಟೇ ಅಲ್ಲ. ದೀಪದ ಮುಂದೆ ಮಗ್ಗಿ ಹೇಳಿಸುವದೂ ಹೌದು.

ಆಲೋಚಿಸುವದಕ್ಕೆ ಪ್ರಶ್ನೆಗಳು:

1. ಮೋಶೆಯ ಅಕ್ಕ ಸುಮ್ಮನೆ ನಿಂತಿದ್ದರೆ ಏನಾಗುತ್ತಿತ್ತು?
2. ನಮ್ಮ ಊರಿನಲ್ಲಿ ಇತರರ ಮನೆಯಲ್ಲಿ ಬೆಳೆಯುವ ಮಕ್ಕಳು ಪ್ರತಿದಿನ ಶಾಲೆಗೆ ಹೋಗುತ್ತಾರೋ?
3. ವಾರದಲ್ಲಿ ಎರಡು ಸಾಯಂಕಾಲಗಳನ್ನು ಕೊಡಬಲ್ಲವರು ನಮ್ಮ ಸಭೆಯಲ್ಲಿ ಯಾರು?

ಕಾದು ನಿಲ್ಲುವ ತಾಳ್ಮೆಯನ್ನೂ ಮಾತಾಡುವ ಧೈರ್ಯವನ್ನೂ ಕರ್ತನು ನಮಗೆ ದಯಪಾಲಿಸಲಿ.